ತಲಪರಿಗೆ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಜಲ ಪುರಾತತ್ತ್ವ

ಮರಳು ಬೆರೆತ ನೆಲದಲ್ಲಿ ಒರತೆ ಮೇಲಕ್ಕೆ ಬರುವ ಜಾಗವನ್ನು ಗುರುತಿಸಿ, ಅಲ್ಲಿ ತೋಡಿ, ಬದಿಗೆ ಕಲ್ಲು ಕಟ್ಟಿ, ಸಿಕ್ಕ ನೀರನ್ನು ಕಿರುಗಾಲುವೆಯಲ್ಲಿ ಗದ್ದೆ ತೋಟಗಳಿಗೆ ಹರಿಸಿಕೊಳ್ಳುವ ನೆಲೆಗೆ ತಲಪರಿಗೆ ಎಂದು ಹೆಸರು. ತುಮಕೂರು ಜಿಲ್ಲೆಯ ಪೂರ್ವ ಮತ್ತು ಈಶಾನ್ಯ ಅಂಚಿನ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಇದರ ಮುಖ್ಯ ಸೀಮೆ. ನೆರೆಯ ಗೌರಿಬಿದನೂರು, ಹಿರಿಯೂರು, ಮೊಳಕಾಲ್ಮೂರು ಕಡೆಗೂ ಇದು ಚಾಚಿಕೊಂಡಿದೆ. ವರ್ಷಕ್ಕೆ 500ರಿಂದ 700 ಮಿಲಿಮೀಟರ್ ಆಸುಪಾಸಿನ, ಅದೂ ನೆಚ್ಚಲಾಗದ ಮಳೆ ಬೀಳುವ ಈ ನಾಡಿನ ನೀರಿನ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಕೆರೆ, ಕೋಟೆ, ಶಾಸನಗಳಿಂದಲೇ ಆರಂಭಿಸಿ ಅಲ್ಲಿಗೇ ಮುಗಿಸಿದ್ದಾರೆ. ಇಲ್ಲಿನ ಹಳ್ಳಿಗಳು ಬರಗಾಲವನ್ನು ದಾಟಿ ನೂರಾರು ವರ್ಷ ಉಳಿದದ್ದಕ್ಕೆ ಕಾರಣ ಹುಡುಕುವವರು ತಲಪರಿಗೆಯನ್ನು ಕೆರೆಯಷ್ಟೇ ಮುಖ್ಯವಾದ ಪುರಾತತ್ತ್ವದ ವಸ್ತುವಾಗಿ ನೋಡಬೇಕಾಗುತ್ತದೆ ಎಂಬುದು ಈ ಲೇಖನದ ವಾದ.

ಬರವಣಿಗೆಯಲ್ಲಿ ತಲಪರಿಗೆ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್‌ನಲ್ಲಿ. 1897ರ ಪರಿಷ್ಕೃತ ಆವೃತ್ತಿಯಲ್ಲಿ ಅವರು ಕೊರಟಗೆರೆಯಿಂದ ಹಿರಿಯೂರು, ಮೊಳಕಾಲ್ಮೂರುಗಳವರೆಗೆ ಒಂದು ಗೆರೆ ಎಳೆದು, ಅದರ ಪೂರ್ವಕ್ಕಿರುವ ಗಡಿಸೀಮೆಯೆಲ್ಲ ತಲಪರಿಗೆಗಳ ನಾಡು ಎಂದು ಗುರುತಿಸುತ್ತಾರೆ. ದಕ್ಷಿಣದ ಕಡೆ ಮರಳು ನೆಲದಲ್ಲಿ ಹತ್ತಿರ ಹತ್ತಿರದಲ್ಲೇ ಒರತೆ ಸಿಗುತ್ತದೆ, ನೀರು ಬಹುಮಟ್ಟಿಗೆ ನೆಲದ ಮೇಲ್ಮಟ್ಟಕ್ಕೇ ಬರುತ್ತದೆ. ಉತ್ತರಕ್ಕೆ ಹೋದಂತೆ ನೀರು ಕಡಿಮೆಯಾಗುತ್ತದೆ. ಪಾವಗಡದಲ್ಲಿ ಮೆದುಗಲ್ಲಿನ ಪದರವನ್ನು ಕಡಿದ ಮೇಲಷ್ಟೇ ನೀರು. ಇನ್ನೂ ಆಚೆ ಗಟ್ಟಿಬಂಡೆಯನ್ನೇ ಕೊರೆಯಬೇಕಾದ ಕಡೆಗಳೂ ಇವೆ. ಸಿಕ್ಕ ನೀರನ್ನು ಕಿರುಗಾಲುವೆಯಲ್ಲಿ ಹೊಲಕ್ಕೆ ಒಯ್ಯುತ್ತಾರೆ, ಇಲ್ಲವೇ ಕಪಿಲೆ ಬಾವಿ ಕಟ್ಟಿ ಎತ್ತುಗಳಿಂದ ಎತ್ತಿಸುತ್ತಾರೆ. ಕೆಲವೇ ಸಾಲುಗಳ ಈ ವಿವರಣೆಯಲ್ಲಿ ಒಂದು ಪೂರ್ತಿ ಭೂಪಟವೇ ಅಡಗಿದೆ. ನೀರಿನ ಮಟ್ಟ, ಕಲ್ಲಿನ ಗುಣ, ಎತ್ತುವ ವಿಧಾನ ಮೂರೂ ತೆಂಕಣದಿಂದ ಬಡಗಣಕ್ಕೆ ಒಟ್ಟಿಗೇ ಬದಲಾಗುತ್ತವೆ. ಆಮೇಲಿನ ಚರಿತ್ರೆ ಗ್ರಂಥಗಳು ಈ ಸಾಲುಗಳನ್ನು ಹಿಂಬಾಲಿಸಲಿಲ್ಲ ಎಂಬುದು ವಿಷಾದದ ಸಂಗತಿ.

ಈ ಭೂಪಟದ ಹಿಂದಿರುವುದು ಕಲ್ಲಿನ ಚರಿತ್ರೆ. ಕನಕಪುರ, ರಾಮನಗರ, ಮಾಗಡಿಗಳಿಂದ ಉತ್ತರಕ್ಕೆ ಮಧುಗಿರಿ, ಪಾವಗಡಗಳ ಮೂಲಕ ಹಾದುಹೋಗುವ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಮಧುಗಿರಿಯ ಏಕಶಿಲಾ ಬೆಟ್ಟ, ಚನ್ನರಾಯನದುರ್ಗ, ಮಿಡಿಗೇಶಿ, ಪಾವಗಡ, ನಿಡುಗಲ್ಲು ಬೆಟ್ಟಗಳೆಲ್ಲ ಈ ಪಟ್ಟಿಯ ಮತ್ತು ಅದರ ನೆರೆಯ ಕಣಶಿಲೆಯ ಮಕ್ಕಳು. ಇಂಥ ಕಲ್ಲು ಬಿಸಿಲು ಮಳೆಗೆ ಶಿಥಿಲವಾದಾಗ ಜೇಡಿಗಿಂತ ಹೆಚ್ಚಾಗಿ ದಪ್ಪ ಮರಳೂ ಗರಸೂ ಆಗುತ್ತದೆ. ಬೋಳುಬಂಡೆಯ ಮೇಲೆ ಬಿದ್ದ ಮಳೆ ಜಾರಿ ಬುಡದ ಗರಸಿನಲ್ಲಿ ಇಂಗಿ, ಅಡಿಯ ಗಟ್ಟಿಬಂಡೆಯ ಮೇಲೆ ಮೆಲ್ಲಗೆ ಜರುಗುತ್ತ, ಬಂಡೆ ಮೇಲೆದ್ದಲ್ಲಿ ಅಥವಾ ಜೇಡಿಪದರ ಅಡ್ಡ ಬಂದಲ್ಲಿ ಹೊರಕ್ಕೆ ಒಸರುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ದಾಟಿ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯ ಪಾತ್ರವೂ, ಕೊರಟಗೆರೆಯ ಸುವರ್ಣಮುಖಿಯ ಪಾತ್ರವೂ ಇದೇ ಮರಳಿನ ಹಾಸು. ಮೇಲೆ ಹರಿವು ನಿಂತ ತಿಂಗಳುಗಳಲ್ಲೂ ಮರಳಿನಡಿ ನೀರು ನಡೆಯುತ್ತಲೇ ಇರುತ್ತಿತ್ತು. ಬೇಸಿಗೆಯಲ್ಲಿ ಹೊಳೆಯಲ್ಲಿ ಚಿಲುಮೆ ತೋಡಿ ಕುಡಿಯುವ ನೀರು ಮೊಗೆಯುತ್ತಿದ್ದ ಪದ್ಧತಿಗೂ ತಲಪರಿಗೆಗೂ ಆಧಾರ ಒಂದೇ.

ತಲಪರಿಗೆಯ ರಚನೆಯನ್ನು ಹತ್ತಿರದಿಂದ ನೋಡಿದರೆ ಅದರಲ್ಲಿರುವ ತಿಳಿವಳಿಕೆ ಕಾಣಿಸುತ್ತದೆ. ಹೆಚ್ಚಿನವು ಕೆರೆಯಂಗಳದಲ್ಲೋ, ಏರಿಯ ಕೆಳಗಿನ ತಗ್ಗಿನಲ್ಲೋ, ಹಳ್ಳದ ಮಗ್ಗುಲಲ್ಲೋ ಇರುತ್ತವೆ. ಒರತೆಯ ಬಾಯಲ್ಲಿ ಒಂದು ಗುಂಡಿ. ಅದರ ಬದಿಗಳಿಗೆ ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿದ ಕಾಡುಗಲ್ಲು. ಒಂದು ಕಡೆಯಿಂದ ಹೊರಡುವ ಕಾಲುವೆ. ಗಾರೆ ಇಲ್ಲದಿರುವುದನ್ನು ಬಡತನವೆಂದೋ ಒರಟು ಕೆಲಸವೆಂದೋ ತಿಳಿಯಬಾರದು. ನೀರು ಬರುವುದೇ ಬದಿಯ ಸಂದುಗಳಿಂದ. ಸುಣ್ಣದ ಗಾರೆ ಮೆತ್ತಿದರೆ ಒರತೆಯ ಕಣ್ಣೇ ಮುಚ್ಚಿಹೋಗುತ್ತದೆ. ಕಲ್ಲಿನ ಸಾಲು ಮರಳು ಕುಸಿಯದಂತೆ ತಡೆಯಬೇಕು, ನೀರನ್ನು ಮಾತ್ರ ಒಳಗೆ ಬಿಡಬೇಕು. ಕಾಲುವೆಯದು ಇನ್ನೂ ಸೂಕ್ಷ್ಮವಾದ ಲೆಕ್ಕ. ಗುಂಡಿಯ ಬಳಿ ನೀರು ನೆಲಮಟ್ಟಕ್ಕಿಂತ ಕೆಳಗಿರುತ್ತದೆ, ಗದ್ದೆಗೆ ತಲುಪುವಾಗ ನೆಲಮಟ್ಟಕ್ಕೆ ಬರಬೇಕು. ಅದಕ್ಕಾಗಿ ಕಾಲುವೆಯ ತಳವನ್ನು ನೆಲದ ಇಳಿಜಾರಿಗಿಂತ ಕಡಿಮೆ ಇಳಿಜಾರಿನಲ್ಲಿ ತೆಗೆಯುತ್ತಾರೆ. ಮೇಲ್ಗಡೆ ಆಳವಾಗಿರುವ ಕಾಲುವೆ ಮುಂದೆ ಸಾಗಿದಂತೆ ತೆಳುವಾಗುತ್ತ, ಒಂದು ಕಡೆ ನೆಲ ಮತ್ತು ನೀರು ಸರಿಸಮವಾಗುತ್ತವೆ. ಅಲ್ಲಿಂದ ಮುಂದೆ ಅಚ್ಚುಕಟ್ಟು. ಬೀದರಿನ ನೌಬಾದಿನ ಕರೇಜ್ ನೆಲದಡಿಯ ಸುರಂಗದಲ್ಲಿ ಸಾಧಿಸುವುದನ್ನೇ, ಕಾಸರಗೋಡಿನ ಕಡೆಯ ಸುರಂಗಗಳು ಮುರಕಲ್ಲಿನೊಳಗೆ ಅಡ್ಡ ಕೊರೆದು ಸಾಧಿಸುವುದನ್ನೇ, ತಲಪರಿಗೆ ಬಯಲಿನ ತೆರೆದ ಕಾಲುವೆಯಲ್ಲಿ ಸಾಧಿಸುತ್ತದೆ.

ಇಂಥ ಕಣ್ಣಿಗೆ ಬೀಳದ ಕಾಲುವೆಗಳನ್ನು ಹೇಗೆ ಅಧ್ಯಯನ ಮಾಡಬೇಕೆಂಬುದಕ್ಕೆ ರೋಮನ್ ಜಲಮಾರ್ಗಗಳ ಪುರಾತತ್ತ್ವ ನೆರವಿಗೆ ಬರುತ್ತದೆ. ಆ ಹೆಸರು ಕೇಳಿದ ಕೂಡಲೇ ಕಣ್ಣಮುಂದೆ ಬರುವುದು ಫ್ರಾನ್ಸಿನ ಪೋಂ ದು ಗಾರ್ ಸೇತುವೆಯಂಥ ಎತ್ತರದ ಕಮಾನುಗಳು. ಆದರೆ ಆ ಸೇತುವೆ ನೀಮ್ ನಗರಕ್ಕೆ ಹೋಗುವ ಸುಮಾರು 50 ಕಿಲೋಮೀಟರ್ ಕಾಲುವೆಯ ಒಂದು ಸಣ್ಣ ತುಣುಕು; ಇಡೀ ದಾರಿಯ ಇಳಿತ 20 ಮೀಟರಿಗೂ ಕಡಿಮೆ. ಕ್ರಿ. ಶ. 97ರಲ್ಲಿ ರೋಮ್ ನಗರದ ನೀರಿನ ಅಧಿಕಾರಿಯಾಗಿ ನೇಮಕಗೊಂಡ ಫ್ರಾಂಟಿನಸ್ ಕೊಟ್ಟ ಲೆಕ್ಕದ ಪ್ರಕಾರ ಸುಮಾರು 91 ಕಿಲೋಮೀಟರ್ ಉದ್ದದ ಅಕ್ವಾ ಮಾರ್ಸಿಯಾದಲ್ಲಿ 80 ಕಿಲೋಮೀಟರಿನಷ್ಟು ನೆಲದಡಿಯೇ ಇತ್ತು. ಹೀಗಾಗಿ ಅಲ್ಲಿನ ಸಂಶೋಧಕರು ಕಮಾನುಗಳನ್ನು ಬಿಟ್ಟು ಒರತೆ ಹಿಡಿಯುವ ತೊಟ್ಟಿ, ಕಾಲುವೆಯ ಒಳಮೈಯಲ್ಲಿ ವರ್ಷವರ್ಷ ಕಟ್ಟಿದ ಸುಣ್ಣದ ಪದರ, ದುರಸ್ತಿಯ ಗುರುತುಗಳ ಕಡೆಗೆ ಕಣ್ಣು ಹೊರಳಿಸಿದರು. ನೀಮ್ ಕಾಲುವೆಯಲ್ಲಿ ಈ ಪದರ ಕೆಲವೆಡೆ ಒಂದಡಿಗೂ ಮೀರಿ ದಪ್ಪವಾಗಿದ್ದು, ಎಷ್ಟು ಕಾಲ ಅದನ್ನು ಕೆರೆದು ತೆಗೆದರು, ಯಾವಾಗ ಕೈಬಿಟ್ಟರು ಎಂಬುದಕ್ಕೆ ಸಾಕ್ಷಿಯಾಗಿದೆ. ಹಳ್ಳಿಗಾಡಿನ ನೀರಿಗೆ ಬಂದರೆ, ಈಗಿನ ಅಲ್ಜೀರಿಯಾದ ಲಮಾಸ್ಬಾ ಎಂಬಲ್ಲಿ ಸಿಕ್ಕ 3ನೆಯ ಶತಮಾನದ ಶಾಸನ ಯಾವ ರೈತನ ಹೊಲಕ್ಕೆ ಎಷ್ಟು ಹೊತ್ತು ಕಾಲುವೆ ತೆರೆಯಬೇಕೆಂಬ ಸರದಿಯನ್ನು ದಾಖಲಿಸುತ್ತದೆ. ಊರಿನ ಗದ್ದೆಗಳಿಗೆ ನೀರು ಹಂಚುವ ನಮ್ಮ ನೀರುಗಂಟಿಗಳು ಅಂಥದೇ ಸರದಿಯನ್ನು ನೆನಪಿನಲ್ಲಿಟ್ಟುಕೊಂಡು ನಡೆಸಿದರು. ಒಂದು ಕಲ್ಲಿನ ಮೇಲೆ ಉಳಿಯಿತು, ಇನ್ನೊಂದು ಉಳಿಯಲಿಲ್ಲ. ಕೆಲಸದ ಸೂಕ್ಷ್ಮತೆಯಲ್ಲಿ ಹೆಚ್ಚುಕಡಿಮೆ ಇರಲಿಲ್ಲ.

ಹಾಗೆಂದು ಈ ಸೀಮೆಯಲ್ಲಿ ಕಲ್ಲಿನ ಸಾಕ್ಷ್ಯಕ್ಕೆ ಕೊರತೆಯೇನಿಲ್ಲ. ಇಂದು ಆಂಧ್ರದಲ್ಲಿರುವ ಹೇಮಾವತಿ, ಅಂದರೆ ಹೆಂಜೇರು, ನೊಳಂಬರ ರಾಜಧಾನಿಯಾಗಿತ್ತು. ಮುಂದೆ ನಿಡುಗಲ್ಲಿನ ಚೋಳರು ಇದೇ ನಾಡನ್ನಾಳಿದರು. ತುಮಕೂರು ಜಿಲ್ಲೆಯ ಶಾಸನಗಳನ್ನು ಒಳಗೊಂಡು 1904ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟ ಈ ಸೀಮೆಗೆ ಆಧಾರ ಗ್ರಂಥ. ಗಂಗ–ನೊಳಂಬರ ಕಾಲದ ಬಿತ್ತುವಟ್ಟ, ವಿಜಯನಗರ ಕಾಲದ ದಶವಂದ, ಕಟ್ಟುಕೊಡಗೆ ಇವೆಲ್ಲ ಕೆರೆ ಕಟ್ಟಿದವರಿಗೂ ಕಾಪಾಡಿದವರಿಗೂ ಕೊಟ್ಟ ಭೂಮಿ ಮತ್ತು ಪಾಲುಗಳು. ಮಧುಗಿರಿಗೆ ಪಕ್ಕದ ಗೌರಿಬಿದನೂರು ತಾಲ್ಲೂಕಿನಲ್ಲಿ ಸಿಕ್ಕ 1388ರ ಶಾಸನ ಇನ್ನೂ ಸ್ವಾರಸ್ಯದ್ದು. ಪೆನುಗೊಂಡೆಯಲ್ಲಿದ್ದ ಪ್ರತಾಪ ಬುಕ್ಕರಾಯ ಹೆನ್ನೆಯ ಹೊಳೆಯ, ಅಂದರೆ ಉತ್ತರ ಪಿನಾಕಿನಿಯ, ನೀರನ್ನು ಪೆನುಗೊಂಡೆಗೆ ತರುವಂತೆ ಜಲಸೂತ್ರದಲ್ಲಿ ನಿಪುಣನಾದ ಸಿಂಗಾಯಭಟ್ಟನಿಗೆ ಅಪ್ಪಣೆ ಮಾಡಿದ್ದು, ಅವನು ಸಿರುವೆರದ ಕೆರೆಗೆ ಕಾಲುವೆ ತೆಗೆದು ಅದಕ್ಕೆ ದೊರೆಯ ಹೆಸರನ್ನೇ ಇಟ್ಟದ್ದು ಅದರಲ್ಲಿದೆ. ಒಂದು ನದಿಯ ನೀರನ್ನು ಮಟ್ಟ ನೋಡಿ ದೂರದ ಊರಿಗೆ ಒಯ್ಯಬಲ್ಲ ಎಂಜಿನಿಯರನ ಹೆಸರು 14ನೆಯ ಶತಮಾನದ ಶಾಸನದಲ್ಲಿ ಸಿಗುವುದು ಅಪರೂಪದ ಭಾಗ್ಯ. ಮೈಸೂರಿನ ಮುಖ್ಯ ಎಂಜಿನಿಯರ್ ಸ್ಯಾಂಕಿ 1866ರಲ್ಲಿ, ಈ ನಾಡಿನಲ್ಲಿ ಹೊಸ ಕೆರೆಗೊಂದು ಜಾಗ ಹುಡುಕಲೂ ಚಾತುರ್ಯ ಬೇಕು ಎಂಬ ಅರ್ಥದ ಮಾತು ಬರೆದದ್ದು ಕೆರೆಗಳ ದಟ್ಟಣೆಯನ್ನು ಹೇಳುತ್ತದೆ.

ಕೋಟೆ ಮತ್ತು ಪಟ್ಟಣಗಳ ನೀರು ಬೇರೆ ಅಧ್ಯಾಯ. ಮಧುಗಿರಿ, ಪಾವಗಡ, ನಿಡುಗಲ್ಲು ಬೆಟ್ಟಗಳ ಬಂಡೆದೊಣೆಗಳು ಮುತ್ತಿಗೆಯ ಕಾಲಕ್ಕೆ ಮಳೆನೀರು ಹಿಡಿದಿಟ್ಟುಕೊಂಡವು. 1687ರಲ್ಲಿ ಮೊಘಲರ ವಶವಾಗಿ ಸುಬಾ ಕೇಂದ್ರವಾದ ಶಿರಾದಲ್ಲಿ ಕೆರೆ, ಕಂದಕ, ಖಾನ್ ಬಾಗ್ ತೋಟಗಳಿದ್ದವು. ಬೆಂಗಳೂರಿನ ಲಾಲ್‌ಬಾಗಿಗೆ ಹೈದರಾಲಿ ಶಿರಾದ ತೋಟವನ್ನೇ ಮಾದರಿಯಾಗಿಟ್ಟುಕೊಂಡ ಎಂದು ಹೇಳುವುದುಂಟು. ಇವೆಲ್ಲ ಅಧಿಕಾರದ ನೀರು. ಅರಮನೆಯ ಕಾಲುವೆಗೆ ಹಣ ಬಂದಷ್ಟು ಕಾಲ ಅದು ಹರಿಯಿತು.

ತಲಪರಿಗೆಯನ್ನು ಪುರಾತತ್ತ್ವದ ಮಾತಿನೊಳಗೆ ತರುವುದಕ್ಕೆ ಮೊದಲ ಆಕ್ಷೇಪ ಸಹಜವಾದದ್ದು: ಒರತೆ ಪ್ರಕೃತಿಯ ಕೊಡುಗೆ, ಅದನ್ನು ಮನುಷ್ಯನ ಕೃತಿ ಎನ್ನುವುದು ಹೇಗೆ? ಒರತೆ ಪ್ರಕೃತಿಯದೇ, ಆದರೆ ಅದು ಎಷ್ಟು ಕಾಲ, ಎಷ್ಟು ನೀರು ಕೊಡುತ್ತದೆಂಬುದನ್ನು ಬಹುಪಾಲು ನಿರ್ಧರಿಸಿದ್ದು ಮನುಷ್ಯರು. ಏರಿಯ ಕೆಳಗೆ ಒರತೆ ಹೆಚ್ಚಲು ಮೇಲಿನ ಕೆರೆಯಲ್ಲಿ ನಿಂತ ನೀರು ಇಂಗಬೇಕು. ಆ ಕೆರೆ ತುಂಬಲು ಮೇಲಿನ ಕೆರೆಯ ಕೋಡಿ ಬೀಳಬೇಕು. ಸರಪಳಿಯಾಗಿ ಕಟ್ಟಿದ ಕೆರೆಗಳು ನೆಲದಡಿಯ ನೀರನ್ನೂ ಸರಪಳಿಯಾಗಿಯೇ ಕಟ್ಟಿದವು. ತಲಪರಿಗೆ ಆ ಅಡಗಿದ ಸರಪಳಿಯ ಬಾಯಿ. ಕೆರೆಯೊಂದನ್ನೇ ಅಳೆದು ಅಚ್ಚುಕಟ್ಟಿನ ಲೆಕ್ಕ ಹಾಕಿದ ಇತಿಹಾಸಕಾರ ಈ ವ್ಯವಸ್ಥೆಯ ಅರ್ಧವನ್ನಷ್ಟೇ ಅಳೆದಂತಾಗುತ್ತದೆ. ತೂಬಿನಿಂದ ಹೋದ ನೀರು ಒಂದು ಬೆಳೆಗಾದರೆ, ಇಂಗಿದ ನೀರು ತೂಬು ಒಣಗಿದ ಮೇಲೆ ಕೆಲಸಕ್ಕೆ ಬರುತ್ತಿತ್ತು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಕೆರೆಗಳಿಗಿರುವಂತೆ ತಲಪರಿಗೆಗಳಿಗೆ ಶಾಸನವಿಲ್ಲ; ಕಾಲ ತಿಳಿಯದ ವಸ್ತುವನ್ನು ಪ್ರಾಚೀನ ಎಂದು ಹೇಗೆ ಒಪ್ಪುವುದು? ಶಾಸನ ಹುಟ್ಟುವುದು ದಾನ ನಡೆದಾಗ. ಕೆರೆಗೆ ಬಂಡವಾಳ ಬೇಕು. ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯ 1369ರ ಶಾಸನ ಸಾವಿರ ಆಳು, ನೂರು ಗಾಡಿ, ಎರಡು ವರ್ಷದ ಕೆಲಸದ ಲೆಕ್ಕ ಕೊಡುತ್ತದೆ. ತಲಪರಿಗೆಗೆ ಬೇಕಾದದ್ದು ಸಲಿಕೆ, ಮಂಕರಿ ಮತ್ತು ಊರಿನ ಕೆಲವು ದಿನಗಳ ದುಡಿಮೆ. ದಾನಿಯಿಲ್ಲದ ಕೆಲಸಕ್ಕೆ ಪ್ರಶಸ್ತಿ ಬರೆಸುವವರಿಲ್ಲ. ಹೀಗಾಗಿ ಶಾಸನದ ಮೌನ ಹಣದ ಮೌನವಷ್ಟೇ, ಕಾಲದ ಬಗ್ಗೆ ಅದು ಯಾವ ಕಡೆಗೂ ಸಾಕ್ಷಿ ನುಡಿಯುವುದಿಲ್ಲ. ಪ್ರತಿಯೊಂದು ತಲಪರಿಗೆಯೂ ನೊಳಂಬರ ಕಾಲದ್ದು ಎಂದು ಸಾರುವುದು ಅಷ್ಟೇ ತಪ್ಪು. ಕಾಲ ಹೇಳಬೇಕಾದದ್ದು ಮಣ್ಣು. ತಲಪರಿಗೆಯ ಗುಂಡಿಯಲ್ಲಿ ಪದರಗಳು ಉಳಿಯುವುದಿಲ್ಲ, ಏಕೆಂದರೆ ಹೂಳನ್ನು ಮತ್ತೆ ಮತ್ತೆ ತೆಗೆದಿರುತ್ತಾರೆ. ಆದರೆ ತೆಗೆದ ಹೂಳು ಪಕ್ಕದಲ್ಲೇ ದಿಬ್ಬವಾಗಿ ಬಿದ್ದಿರುತ್ತದೆ. ಆ ದಿಬ್ಬವನ್ನು ಕತ್ತರಿಸಿ ನೋಡಿದರೆ ಮಡಕೆಚೂರು, ಬಳೆಚೂರು, ಬೂದಿ ಸಿಗಲು ಅವಕಾಶವಿದೆ. ಮರಳಿನ ಕಣ ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂದು ಅಳೆಯುವ ಕಾಲಮಾಪನ ವಿಧಾನ ಇಂಥ ದಿಬ್ಬಗಳಿಗೆ ಹೇಳಿಮಾಡಿಸಿದಂತಿದೆ. ರೋಮನ್ ಕಾಲುವೆಯ ಸುಣ್ಣದ ಪದರ ಏನು ಹೇಳಿತೋ ಅದನ್ನು ಇಲ್ಲಿ ಹೂಳಿನ ದಿಬ್ಬ ಹೇಳಬಲ್ಲದು.

ಇನ್ನು ಕೆಲವರು ತಲಪರಿಗೆಯ ಅಳತೆಯನ್ನು ಹಿಡಿದು, ದೊಡ್ಡ ಕೆರೆಯ ಎದುರು ಇದೇನು ಲೆಕ್ಕ ಎನ್ನುತ್ತಾರೆ. ಒಳ್ಳೆಯ ಮಳೆಯ ವರ್ಷವನ್ನು ಮಾತ್ರ ನೋಡಿದರೆ ಆ ಮಾತು ಸರಿ. ಒಣಸೀಮೆಯಲ್ಲಿ ಊರು ಉಳಿಯುವುದೋ ಖಾಲಿಯಾಗುವುದೋ ತೀರ್ಮಾನವಾಗುವುದು ಕೆಟ್ಟ ವರ್ಷದಲ್ಲಿ. ಕೆರೆ ಅರ್ಧವೂ ತುಂಬದ ವರ್ಷ ಅಚ್ಚುಕಟ್ಟನ್ನು ಕಿರಿದುಮಾಡಿ, ನೀರು ತಲುಪುವ ಮೇಲ್ಭಾಗದ ಗದ್ದೆಯನ್ನೇ ಎಲ್ಲ ಹಿಡುವಳಿದಾರರೂ ಪಾಲಿನ ಪ್ರಕಾರ ಹಂಚಿಕೊಂಡು ಬೆಳೆಯುವ ದಾಮಾಷ ಪದ್ಧತಿ ಕರ್ನಾಟಕದ ಕೆರೆಸೀಮೆಯಲ್ಲಿತ್ತು. ಕೆರೆ ಬರಿದಾದ ಮೇಲೂ ತೆಳ್ಳಗೆ ಹರಿಯುವ ಒರತೆ ಸಸಿಮಡಿಗೆ, ರಾಗಿ ಪೈರಿಗೆ, ತೆಂಗು ಅಡಿಕೆ ತೋಟಕ್ಕೆ, ದನಕರು ಮನುಷ್ಯರ ಕುಡಿಯುವ ನೀರಿಗೆ ಒದಗುತ್ತಿತ್ತು. ರಾಜಕೀಯದ ಕಾರಣವೂ ಸಣ್ಣ ನೀರನ್ನು ಮುಖ್ಯವಾಗಿಸಿತು. 1892ರ ಮದರಾಸು–ಮೈಸೂರು ಒಪ್ಪಂದದ ಪ್ರಕಾರ ಉತ್ತರ ಪಿನಾಕಿನಿಯೂ ಸೇರಿದಂತೆ ಪಟ್ಟಿಮಾಡಿದ ನದಿಗಳ ಮೇಲೆ ಹೊಸ ನೀರಾವರಿ ಕೆಲಸಕ್ಕೆ ಮೈಸೂರು ಮೊದಲೇ ಮದರಾಸಿನ ಒಪ್ಪಿಗೆ ಪಡೆಯಬೇಕಿತ್ತು. ಪಾವಗಡದ ನಾಗಲಮಡಿಕೆಯ ಪಕ್ಕದಲ್ಲೇ ಈ ಹೊಳೆ ಹರಿದರೂ ಅದಕ್ಕೆ ದೊಡ್ಡ ಅಣೆಕಟ್ಟು ಕಟ್ಟುವುದು ಸುಲಭವಿರಲಿಲ್ಲ. ಗುಂಡಿ ತೋಡುವುದಕ್ಕೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ.

ತಲಪರಿಗೆಯ ನಿಜವಾದ ಕಟ್ಟಡ ಅದರ ಆಡಳಿತ. ಹೂಳೆತ್ತದಿದ್ದರೆ ಮರಳು ನುಗ್ಗಿ ಒರತೆ ಮುಚ್ಚುತ್ತದೆ, ಜೊಂಡು ಬೆಳೆದು ಕಾಲುವೆ ನಿಲ್ಲುತ್ತದೆ. ಅಚ್ಚುಕಟ್ಟಿನಲ್ಲಿ ನೆಲವಿರುವ ಮನೆಗೊಂದು ಆಳು ಬಂದು ಹೂಳೆತ್ತುವುದು, ಗಂಗಮ್ಮನಿಗೆ ಪೂಜೆ ಮಾಡಿ ನೀರು ಬಿಡುವುದು, ನೀರುಗಂಟಿ ಸರದಿ ನಡೆಸುವುದು, ಅವನಿಗೆ ಸುಗ್ಗಿಯಲ್ಲಿ ಕಣದಲ್ಲೇ ಪಾಲು ಕೊಡುವುದು ಇದರ ಅಂಗಗಳು. ಇದನ್ನು ಸಮಾನತೆಯ ಸ್ವರ್ಗವೆಂದು ಬಣ್ಣಿಸುವ ಬರಹಗಳನ್ನು ಒಪ್ಪಲಾಗದು. ಹಲವು ಊರುಗಳಲ್ಲಿ ನೀರುಗಂಟಿಗಳು ದಲಿತರು. ಎಲ್ಲರ ಗದ್ದೆಗೆ ನ್ಯಾಯವಾಗಿ ನೀರು ಹಂಚಿದವರಿಗೆ ಅದೇ ಅಚ್ಚುಕಟ್ಟಿನಲ್ಲಿ ನೆಲವೇ ಇರಲಿಲ್ಲ, ಇಲ್ಲವೇ ತೀರಾ ಕಡಿಮೆ ಇತ್ತು. ಕುಡಿಯುವ ನೀರು ಮೊಗೆಯುವಲ್ಲಿ ಅಸ್ಪೃಶ್ಯತೆಯ ಕಟ್ಟುಪಾಡು ನಡೆಯಿತು. ನಿಯಮ ಗಟ್ಟಿಯಾಗಿತ್ತು ಎಂಬುದೂ ಆ ನಿಯಮ ಅನ್ಯಾಯವನ್ನು ಒಳಗೊಂಡಿತ್ತು ಎಂಬುದೂ ಒಟ್ಟಿಗೇ ನಿಜ. ಸಮೀಕ್ಷೆ ಮಾಡುವವರು ಯಾವ ಕೇರಿಯ ಜನ ಯಾವ ಗುಂಡಿಯಿಂದ ನೀರು ತೆಗೆದರು ಎಂಬುದನ್ನು ಬರೆದುಕೊಳ್ಳದಿದ್ದರೆ ಅರ್ಧ ಸತ್ಯವೇ ದಾಖಲೆಯಾಗುತ್ತದೆ.

ಇಳಿಮುಖದ ಕಥೆ ಬೇಗ ಹೇಳಿ ಮುಗಿಸಬಹುದಾದಷ್ಟು ಸ್ಪಷ್ಟವಾಗಿದೆ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಬಂದ ವಿದ್ಯುತ್ ಪಂಪು, ಅದರ ಹಿಂದೆಯೇ ಬಂದ ಕೊಳವೆಬಾವಿ ಅಂತರ್ಜಲವನ್ನು ಒರತೆಯ ಮಟ್ಟಕ್ಕಿಂತ ಬಹಳ ಕೆಳಕ್ಕೆ ಎಳೆದವು. ಜಯಮಂಗಲಿ, ಸುವರ್ಣಮುಖಿ, ಪಿನಾಕಿನಿಗಳ ಪಾತ್ರದಿಂದ ಮರಳು ಲಾರಿಗಳಲ್ಲಿ ಬೆಂಗಳೂರಿಗೆ ಹೋಯಿತು; ಹೋದದ್ದು ಬರೀ ಮರಳಾಗಿರಲಿಲ್ಲ, ನೀರನ್ನು ಹಿಡಿದಿಡುತ್ತಿದ್ದ ಉಗ್ರಾಣವೇ ಹೋಯಿತು. ಕೆರೆಯಂಗಳಗಳಲ್ಲಿ ಬಳ್ಳಾರಿ ಜಾಲಿ ಹಬ್ಬಿತು. ಆಳದ ನೀರು ಗ್ರಾನೈಟಿನ ಫ್ಲೋರೈಡನ್ನು ಹೊತ್ತು ತಂದು ಪಾವಗಡದ ಜನರ ಹಲ್ಲು ಮೂಳೆಗಳಿಗೆ ಇಳಿಯಿತು; ಈಗ ಅಲ್ಲಿನ ಊರೂರಲ್ಲೂ ಶುದ್ಧ ನೀರಿನ ಘಟಕ. ಮೇಲುಪದರದ ಒರತೆಯ ನೀರು ಬಂಡೆಯ ಜತೆ ಕಡಿಮೆ ಕಾಲ ಇರುವುದರಿಂದ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ ಎಂಬುದು ತಲಪರಿಗೆಯ ನಷ್ಟವನ್ನು ಇನ್ನಷ್ಟು ದೊಡ್ಡದಾಗಿ ತೋರಿಸುತ್ತದೆ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಿನ ರೈತರು ಸುಮಾರು 13,000 ಎಕರೆ ನೆಲವನ್ನು ಸೌರ ವಿದ್ಯುತ್ ಪಾರ್ಕಿಗೆ ಗುತ್ತಿಗೆ ಕೊಟ್ಟ ನಿರ್ಧಾರದ ಹಿಂದೆ ಮಳೆಯೂ ಕೊಳವೆಬಾವಿಯೂ ಕೈಕೊಟ್ಟ ವರ್ಷಗಳಿವೆ.

ಹೀಗಿರುವಾಗ ತಲಪರಿಗೆಯ ಕಾಲ ಮುಗಿಯಿತು, ದೂರದ ನದಿಯ ನೀರೇ ಗತಿ ಎಂಬ ಮಾತು ಕೇಳಿಬರುತ್ತದೆ. ಹೇಮಾವತಿ ನದಿಯ ನೀರು ಶಿರಾ, ಕಳ್ಳಂಬೆಳ್ಳ ಕೆರೆಗಳಿಗೆ ಬಂದಿದೆ. ತುಂಗಭದ್ರೆಯ ನೀರಿನ ಯೋಜನೆ ಪಾವಗಡಕ್ಕೆ, ಭದ್ರಾ ಮೇಲ್ದಂಡೆ ಶಿರಾ ಭಾಗಕ್ಕೆ. ಎತ್ತಿನಹೊಳೆ ಯೋಜನೆ ಮೇಲ್ಗಾಲುವೆಗಳ ಮೇಲೆ ನೀರನ್ನು ಪೂರ್ವಕ್ಕೆ ಸಾಗಿಸುವಂಥದು. ಅದರ ಮೂಲ ನಕ್ಷೆಯಲ್ಲಿ ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲು ಬಳಿ ಜಲಾಶಯವೂ ಸೇರಿತ್ತು. ಕುಡಿಯುವ ನೀರಿಗಾಗಿ ಇವು ಬೇಕು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಹೊರಗಿನ ನೀರು ಬಂದು ನಿಲ್ಲುವುದು ಹಳೆಯ ಕೆರೆಗಳಲ್ಲೇ, ಇಂಗುವುದು ಅದೇ ಗರಸಿನಲ್ಲೇ. ಹಾಗಾಗಿ ಕೆರೆ ತುಂಬಿಸುವ ಯೋಜನೆ ತಲಪರಿಗೆಗೆ ಎದುರಾಳಿಯಾಗಬೇಕಿಲ್ಲ. 2022ರ ಭಾರಿ ಮಳೆಗೆ ಜಯಮಂಗಲಿ ಉಕ್ಕಿ ಹರಿದು ಈ ತಾಲ್ಲೂಕುಗಳ ಕೆರೆಗಳು ಕೋಡಿ ಬಿದ್ದದ್ದು ಸಂಶೋಧಕರಿಗೆ ಒಂದು ಅಪರೂಪದ ಪ್ರಯೋಗಾವಕಾಶವಾಗಿತ್ತು. ಕೆರೆ ತುಂಬಿದ ಎಷ್ಟು ದಿನಕ್ಕೆ ಏರಿಯ ಕೆಳಗೆ ಒರತೆ ಕಾಣುತ್ತದೆ, ಕೆರೆ ಬತ್ತಿದ ಮೇಲೆ ಎಷ್ಟು ತಿಂಗಳು ಉಳಿಯುತ್ತದೆ, ಸುತ್ತ ಕೊಳವೆಬಾವಿ ಹೆಚ್ಚಿರುವಲ್ಲಿ ಎಷ್ಟು ಬೇಗ ಇಂಗುತ್ತದೆ ಎಂಬುದನ್ನು ಇಂಥ ವರ್ಷಗಳಲ್ಲಿ ಮಾತ್ರ ಅಳೆಯಬಹುದು.

ಆಗಬೇಕಾದ ಸಮೀಕ್ಷೆಯ ಸ್ವರೂಪ ಈ ಸಾಕ್ಷ್ಯಗಳಿಂದಲೇ ಹೊರಡುತ್ತದೆ. ಹಳೆಯ ಮೋಜಣಿ ನಕ್ಷೆ ಮತ್ತು ಕಂದಾಯದ ದಾಖಲೆಗಳಲ್ಲಿ ತರಿ ಎಂದು ಬರೆದಿದ್ದರೂ ಯಾವ ಕೆರೆಯ ತೂಬಿಗೂ ಸೇರದ ಸರ್ವೆ ನಂಬರುಗಳನ್ನು ಮೊದಲು ಹೆಕ್ಕಬೇಕು. ಅಂಥ ತುಂಡುಗಳ ಮೇಲ್ಗಡೆ ಮುಚ್ಚಿಹೋದ ತಲಪರಿಗೆ ಇರುವ ಸಾಧ್ಯತೆ ಹೆಚ್ಚು. ಗುಂಡಿಯ ತಳ, ಕಾಲುವೆಯ ಮಟ್ಟ, ಗದ್ದೆಯ ಮಟ್ಟ ಮೂರನ್ನೂ ಅಳೆದು ಒಂದೇ ನಕ್ಷೆಯಲ್ಲಿ ಮೇಲಿನ ಕೆರೆಯ ಜತೆ ಗುರುತಿಸಬೇಕು. ಕಲ್ಲುಕಟ್ಟಿನಲ್ಲಿ ಎಲ್ಲಿ ಸಿಮೆಂಟು ಬಂದಿದೆ, ಬಂದ ಮೇಲೆ ಒರತೆ ಏನಾಯಿತು ಎಂದು ಬರೆಯಬೇಕು. ಸದುದ್ದೇಶದಿಂದ ಕಾಂಕ್ರೀಟು ಹಾಕಿದರೂ ಒರತೆಯ ಕಣ್ಣು ಮುಚ್ಚುವುದು ಮುಚ್ಚುವುದೇ. ಹೂಳಿನ ದಿಬ್ಬಗಳನ್ನು ಜೆಸಿಬಿ ಸಮ ಮಾಡುವ ಮೊದಲು ಒಂದೆರಡನ್ನಾದರೂ ಕ್ರಮವಾಗಿ ಅಗೆಯಬೇಕು. ಸರದಿ, ಪಾಲು, ಹೂಳೆತ್ತುವ ಬಾಬ್ತುಗಳನ್ನು ಬಾಯಿಪಾಠವಾಗಿ ಬಲ್ಲ ಹಿರಿಯ ನೀರುಗಂಟಿಗಳ ಮಾತನ್ನು ಅವರದೇ ನುಡಿಯಲ್ಲಿ ದಾಖಲಿಸುವುದು ಇವೆಲ್ಲಕ್ಕಿಂತ ತುರ್ತಿನದು, ಏಕೆಂದರೆ ಕೊಳವೆಬಾವಿ ಬಂದ ಮೇಲೆ ಹುಟ್ಟಿದವರಿಗೆ ಆ ಕೆಲಸ ಕಲಿಯುವ ಸಂದರ್ಭವೇ ಬರಲಿಲ್ಲ.